ಟೇಬಲ್ ಕಟ್ಟರ್ ಮೂಲೆ ಸೇರಿದ್ದು ಯಾಕೆ: ತ್ಯಾಗರಾಜನಗರದ ಒಂದು ಮನೆಯ ಪ್ರಕರಣ

2024ರ ಏಪ್ರಿಲ್ ತಿಂಗಳು. ಮಧ್ಯಾಹ್ನ ಮೂರು ಗಂಟೆ ಇರಬಹುದು. ಬೆಂಗಳೂರಿನ ತ್ಯಾಗರಾಜನಗರದ ಆ ಮನೆಯ ಗೇಟು ತೆಗೆದ ಕೂಡಲೇ ಕಣ್ಣಿಗೆ ಬಿದ್ದದ್ದು ಕರಿಬೇವಿನ ಗಿಡ. ಬೆಳಗ್ಗೆ ನಾನು ಹೊರಟಾಗ ಹಸಿರಾಗಿತ್ತು. ಈಗ ಮೈತುಂಬ ರಂಗೋಲಿ ಪುಡಿ ಬಳಿದ ಹಾಗಿತ್ತು. ಪೋರ್ಟಿಕೋದಲ್ಲಿ ನಿಂತಿದ್ದ ಸ್ಕೂಟರ್ ಸೀಟು, ಕಿಟಕಿ ಸರಳು, ತಂತಿಯ ಮೇಲೆ ಒಣಹಾಕಿದ್ದ ಸೀರೆ, ಎಲ್ಲದರ ಮೇಲೂ ಅದೇ ಬಿಳಿ. ಅದರ ಮಧ್ಯೆ ಹೆಲ್ಪರ್ ಹುಡುಗ ಕುಕ್ಕರಗಾಲಿನಲ್ಲಿ ಕೂತು ಕೈ ಕಟ್ಟರ್‌ನಲ್ಲಿ, ಅಂದರೆ ಕೈಯಲ್ಲಿ ಹಿಡಿದು ಓಡಿಸುವ ಕರೆಂಟಿನ ಮಷಿನ್‌ನಲ್ಲಿ, ಟೈಲ್ಸ್ ಕೊಯ್ಯುತ್ತಿದ್ದ. ಮೂಗಿಗೆ ಒಂದು ಟವೆಲ್ ಸುತ್ತಿಕೊಂಡಿದ್ದ. ರೆಪ್ಪೆಗೂದಲು ಕೂಡ ಬೆಳ್ಳಗಾಗಿತ್ತು. 19 ವರ್ಷದ ಹುಡುಗ.

ಮೂರು ಅಡಿ ದೂರದಲ್ಲಿ ನಾನು ತಂದುಕೊಟ್ಟ ಟೇಬಲ್ ಕಟ್ಟರ್ ಇತ್ತು. ಕೆಳಗೆ ನೀರಿನ ಟ್ರೇ, ಅದರಲ್ಲಿ ಮುಳುಗಿ ತಿರುಗುವ ಬ್ಲೇಡು, ಧೂಳು ಏಳದ ಹಾಗೆ ಕೊಯ್ಯುವ ಮಷಿನ್. ಅದರ ಮೇಲೆ ಖಾಲಿ ಸಿಮೆಂಟ್ ಚೀಲ ಹೊದಿಸಿಟ್ಟಿದ್ದರು.

ನಾನು ಹಳೇ ಮನೆಗಳ ಬಾತ್‌ರೂಮು, ಅಡುಗೆಮನೆ ರಿಪೇರಿ ಕೆಲಸ ಹಿಡಿದು ಮಾಡಿಸುವವನು. ಈ ಕಸುಬಿನಲ್ಲಿ 17 ವರ್ಷ ಆಯಿತು. ಈ ಮನೆಯಲ್ಲಿ ಎರಡು ಬಾತ್‌ರೂಮು, ಒಂದು ಯುಟಿಲಿಟಿ. ಗೋಡೆಗೆ 300 ಬೈ 600 ಮಿಲಿಮೀಟರ್ ಸೆರಾಮಿಕ್, ನೆಲಕ್ಕೆ 300 ಬೈ 300 ಜಾರದ ಟೈಲ್ಸ್. ಮನೆಯಲ್ಲಿ ಇರುವವರು ಇಬ್ಬರೇ, ರಿಟೈರಾದ ಮೇಷ್ಟ್ರು ಮತ್ತು ಅವರ ಹೆಂಡತಿ. ಅಮ್ಮನಿಗೆ ಆಸ್ತಮಾ. ಅದಕ್ಕೇ ನೀರಿನ ಮಷಿನ್ ತಂದಿದ್ದೆ. ನೀರಿಲ್ಲದೆ ಒಣಗಟ್ಟೆ ಕೊಯ್ಯಲೇಬೇಡಿ ಅಂತ ಮೇಸ್ತ್ರಿಗೆ ಹೇಳಿ ಕೆಂಗೇರಿಯ ಇನ್ನೊಂದು ಸೈಟಿಗೆ ಹೋಗಿದ್ದೆ.

ಬಂದು ನೋಡಿದರೆ ಹೀಗೆ. ಕೈ ಕಟ್ಟರ್‌ನ ಗಾರ್ಡು ಕೂಡ ಬಿಚ್ಚಿಟ್ಟಿದ್ದರು. ಸಿಟ್ಟು ನೆತ್ತಿಗೇರಿತು. ಪ್ಲಗ್ ಕಿತ್ತೆ. ಮೇಸ್ತ್ರಿಯನ್ನು ಕರೆದೆ.

ಮೇಸ್ತ್ರಿ ಹೇಳಿದ್ದು

ಮೇಸ್ತ್ರಿ ಯಾದಗಿರಿ ಕಡೆಯವರು. 14 ವರ್ಷದಿಂದ ಟೈಲ್ಸ್ ಹಾಕುತ್ತಿದ್ದಾರೆ. ಕೈ ಶುದ್ಧ, ಮಾತು ಕಡಿಮೆ. ನಾನು ಬೈದು ಮುಗಿಸುವವರೆಗೂ ಸುಮ್ಮನೆ ನಿಂತಿದ್ದರು. ಆಮೇಲೆ ಹೇಳಿದರು:

"ಸರ, ಆ ಮಷಿನ್ ಮುಟ್ಟಿದ್ರ ಜುಮ್ ಅಂತದ್ರಿ. ಬೆಳಿಗ್ಗಿ ಹುಡುಗನ ಮೊಣಕೈ ಮಟ ಹೊಡದದ. ನೀರಾಗ ನಿಂತು ಸಾಯೋದಕಿಂತ ಧೂಳು ತಿನ್ನೋದು ಛಲೋ ಅಲ್ರೀ?"

ಈ ಮಾತು ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅಲ್ಲಿಯವರೆಗೂ ನಾನು ಅಂದುಕೊಂಡಿದ್ದು ಒಂದೇ: ಇವರಿಗೆ ಅಸಡ್ಡೆ, ಬೇಗ ಮುಗಿಸುವ ಆತುರ. ಆದರೆ ಅವರು ಯೋಚನೆ ಮಾಡಿಯೇ ಒಣಗಟ್ಟೆ ಕೊಯ್ದಿದ್ದರು. ಕರೆಂಟು ಇವತ್ತೇ ಕೊಲ್ಲುತ್ತದೆ. ಧೂಳು ಕೊಲ್ಲುವುದು ಹತ್ತು, ಇಪ್ಪತ್ತು ವರ್ಷಕ್ಕೆ. ಅವರ ಜಾಗದಲ್ಲಿ ನಿಂತರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ.

ಇನ್ನೂ ಎರಡು ಕಾರಣ ಹೊರಗೆ ಬಂತು. ಒಂದು ನೀರು. ಆ ವರ್ಷದ ಬೇಸಿಗೆ ಬೆಂಗಳೂರಲ್ಲಿ ಇದ್ದವರಿಗೆ ನೆನಪಿರುತ್ತದೆ. ಮನೆಯ ಬೋರ್‌ವೆಲ್ ಬತ್ತಿತ್ತು, ಟ್ಯಾಂಕರ್ ಬರುತ್ತಿತ್ತು. "ನಾನೇ ಹೇಳಿದೆ ಕಣಪ್ಪ, ನೀರು ಜಾಸ್ತಿ ಬಳಸಬೇಡಿ ಅಂತ" ಎಂದರು ಅಮ್ಮ, ಇನ್‌ಹೇಲರ್ ಕೈಯಲ್ಲೇ ಹಿಡಿದು, ಅರ್ಧ ತೆಗೆದ ಬಾಗಿಲ ಸಂದಿಯಿಂದ. ಇನ್ನೊಂದು ದುಡ್ಡು. ಕೆಲಸ ಅಡಿ ಲೆಕ್ಕದ್ದು. ಟೇಬಲ್ ಕಟ್ಟರ್ ನಿಧಾನ. ಒಂದು ಕೊಯ್ತಕ್ಕೆ ಅರ್ಧ ನಿಮಿಷ ಜಾಸ್ತಿ ಹಿಡಿದರೂ ದಿನದ ಕೊನೆಗೆ ಅವರ ಕೂಲಿಗೇ ಹೊಡೆತ. ಮಷಿನ್ ತಂದುಕೊಟ್ಟ ನಾನು ಆ ಹೆಚ್ಚಿನ ಸಮಯಕ್ಕೆ ದುಡ್ಡು ಕೊಟ್ಟಿರಲಿಲ್ಲ.

ಮೂರರಲ್ಲಿ ದೊಡ್ಡದು ಕರೆಂಟು. ಅದನ್ನೇ ಮೊದಲು ಹಿಡಿದೆವು.

ಎರಡು ಕಡೆ ಕಡಿದುಹೋಗಿದ್ದ ಅರ್ತಿಂಗ್

ಸಂಜೆ ನಮ್ಮ ಎಲೆಕ್ಟ್ರಿಷಿಯನ್ ಬಂದ. ಮಷಿನ್ ಚಾಲೂ ಮಾಡಿ ಟ್ರೇಗೆ ಟೆಸ್ಟರ್ ಇಟ್ಟ. ದೀಪ ಹತ್ತಿತು. ಮೀಟರ್ ಹಿಡಿದು ನೋಡಿದ, ಟ್ರೇಯಲ್ಲಿ ನಿಜವಾಗಿಯೂ ಕರೆಂಟು ಇತ್ತು. ತಕ್ಷಣ ಪ್ಲಗ್ ತೆಗೆಸಿ ಒಂದೊಂದೇ ಬಿಚ್ಚುತ್ತಾ ಹೋದ.

ಮೊದಲು ಮಷಿನ್. ಬ್ಲೇಡಿನ ಹಿಂದೆ ನೀರು ಸಿಡಿಯದ ಹಾಗೆ ಒಂದು ರಬ್ಬರ್ ಪರದೆ ಇರುತ್ತದೆ. ಅದು ಪ್ಯಾಕಿಂಗ್ ಜೊತೆ ಕಸಕ್ಕೆ ಹೋಗಿತ್ತು. ಸಿಡಿದ ನೀರು ಸೀದಾ ಸ್ವಿಚ್ ಡಬ್ಬಿಗೆ ಇಳಿದಿತ್ತು. ಒಳಗೆ ತೆಳ್ಳಗೆ ಬೂದು ಕೆಸರು ಕೂತಿತ್ತು. ಅದರ ಮೂಲಕ ಕರೆಂಟು ಬರುವ ಫೇಸ್ ತಂತಿಯಿಂದ ಕಬ್ಬಿಣದ ಮೈಗೆ ಕರೆಂಟು ಸೋರುತ್ತಿತ್ತು.

ಹೀಗೆ ಸೋರುವುದು ನೀರಿನ ಮಷಿನ್‌ಗಳಲ್ಲಿ ಹೊಸದೇನಲ್ಲ. ಸೋರಿದ ಕರೆಂಟು ಮನುಷ್ಯನ ಮೈಮೇಲೆ ಹಾಯದೆ ಸೀದಾ ನೆಲಕ್ಕೆ ಹೋಗಲಿ ಅಂತಲೇ ಪ್ಲಗ್ಗಿಗೆ ಮೂರನೇ ಪಿನ್ ಇರುವುದು. ಆ ದಾರಿಯೇ ಅರ್ತಿಂಗ್. ಅದು ಈ ಮನೆಯಲ್ಲಿ ಎರಡು ಕಡೆ ಕಡಿದುಹೋಗಿತ್ತು.

ಒಂದು, ನಮ್ಮದೇ ಎಕ್ಸ್‌ಟೆನ್ಷನ್ ಬಾಕ್ಸು. ಸೈಟಿನಲ್ಲಿ ಯಾರೋ ಎರಡೆಳೆ ವೈರಿನಲ್ಲಿ ಮಾಡಿದ್ದು. ಮುಂದೆ ಮೂರು ತೂತಿನ ಸಾಕೆಟ್ ಇದೆ, ಹಿಂದೆ ಅರ್ತ್ ಸ್ಕ್ರೂ ಖಾಲಿ. ನೋಡಿದರೆ ಗೊತ್ತೇ ಆಗಲ್ಲ. ಬೆಂಗಳೂರಿನ ಎಷ್ಟೋ ಸೈಟುಗಳಲ್ಲಿ ಇಂಥದ್ದೇ ಬಾಕ್ಸು ಓಡಾಡುತ್ತಿದೆ. ನಿಮ್ಮದನ್ನು ಇವತ್ತೇ ಬಿಚ್ಚಿ ನೋಡಿ.

ಎರಡನೆಯದು ಮನೆಯ ಅರ್ತಿಂಗ್. ಕೆಇಬಿ ಕಾಲದಲ್ಲಿ ಕಟ್ಟಿದ ಮನೆ. ಮೀಟರ್ ಬೋರ್ಡಿನಿಂದ ಹೊರಟ ಅರ್ತ್ ತಂತಿ ಪೋರ್ಟಿಕೋ ನೆಲದೊಳಗೆ ಹೋಗಿ ಮಾಯವಾಗಿತ್ತು. "ಸಾರ್, ಇಲ್ಲೊಂದು ಗುಂಡಿ ಇರ್ಬೇಕಲ್ಲ? ಮುಚ್ಚಿಬಿಟ್ಟಿದಾರೆ ಯಾರೋ" ಎಂದ ಎಲೆಕ್ಟ್ರಿಷಿಯನ್.

ಮುಚ್ಚಿದ್ದು ನಾನೇ. 2018ರಲ್ಲಿ ಆ ಪೋರ್ಟಿಕೋಗೆ ಟೈಲ್ಸ್ ಹಾಕಿಸಿದ್ದೆ. ಒಂದು ಮೂಲೆಯಲ್ಲಿ ಸಿಮೆಂಟಿನ ಮುಚ್ಚಳ ಎದ್ದು ಕಾಣುತ್ತಿತ್ತು. ಚೆನ್ನಾಗಿ ಕಾಣಲ್ಲ ಅಂತ ಅದರ ಮೇಲೇ ಟೈಲ್ಸ್ ಎಳೆದಿದ್ದೆವು. ಅದು ಏನು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದು ಅರ್ತಿಂಗ್ ಗುಂಡಿ. ಅದರಲ್ಲಿ ಸತು ಲೇಪಿಸಿದ ಒಂದು ಕಬ್ಬಿಣದ (ಜಿಐ) ಪೈಪು, ಸುತ್ತ ಉಪ್ಪು, ಇದ್ದಿಲು. ಅದು ಕೆಲಸ ಮಾಡುವುದು ಮಣ್ಣಿನಲ್ಲಿ ತೇವ ಇದ್ದರೆ ಮಾತ್ರ. ಅದಕ್ಕೇ ಹಿಂದಿನವರು ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತಿದ್ದರು. ನಾವು ಮುಚ್ಚಿದ ಮೇಲೆ ಆರು ವರ್ಷ ಒಂದು ಚೆಂಬು ನೀರೂ ಬಿದ್ದಿರಲಿಲ್ಲ. ಮೇಲೆ ಈ ಬರ. ಬೋರ್‌ವೆಲ್ ಬತ್ತಿಸಿದ ಬೇಸಿಗೆಯೇ ಅರ್ತಿಂಗನ್ನೂ ಒಣಗಿಸಿತ್ತು.

ಅಳತೆ ತೆಗೆದಾಗ ಅರ್ತಿಂಗ್ ಕರೆಂಟಿಗೆ ಒಡ್ಡುವ ತಡೆ ನೂರು ಓಮ್ ದಾಟಿತ್ತು. ಐದರ ಆಸುಪಾಸು ಇರಬೇಕಾದದ್ದು. ಇದರ ಅರ್ಥ ಏನು ಅಂತ ಒಂದು ಸಣ್ಣ ಲೆಕ್ಕದಲ್ಲಿ ಹೇಳುತ್ತೇನೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಅದನ್ನು 100 ಓಮ್‌ನಿಂದ ಭಾಗಿಸಿದರೆ 2.3 ಆಂಪಿಯರ್. ಫೇಸ್ ತಂತಿ ಪೂರ್ತಿಯಾಗಿ ಮಷಿನ್ ಮೈಗೆ ತಗುಲಿದರೂ ಹರಿಯುವುದು ಅಷ್ಟೇ. 16 ಆಂಪಿಯರ್ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. ಅದು ಹಾರಲ್ಲ, ಟ್ರೇ ಕರೆಂಟಿನಲ್ಲೇ ಇರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಹುಡುಗ ಮುಟ್ಟಿದರೆ ಅವನೇ ತಂತಿ.

ಕರೆಂಟು ಸೋರಿದರೆ ತಾನಾಗೇ ಲೈನ್ ಕಡಿಯುವ ಒಂದು ಸ್ವಿಚ್ಚಿದೆ, ಆರ್‌ಸಿಸಿಬಿ ಅಂತ. ಅದು ಬೇರೆ ಥರ ಕೆಲಸ ಮಾಡುತ್ತದೆ. ಹೋದ ಕರೆಂಟೆಲ್ಲ ವಾಪಸ್ ಬಂತಾ ಅಂತ ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ಕಡಿಮೆ ಬಂದರೂ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಒಂದು ಆಂಪಿಯರ್ ಅಂದರೆ ಸಾವಿರ ಮಿಲಿ ಆಂಪಿಯರ್. ಹಾಗಾಗಿ ಅರ್ತಿಂಗ್ ಸ್ವಲ್ಪ ಕೆಟ್ಟಿದ್ದರೂ ಅದು ಕಾಪಾಡುತ್ತದೆ. ಅರ್ತಿಂಗೂ ಸರಿ ಇದ್ದರೆ ಇನ್ನೂ ಒಳ್ಳೆಯದು: ಮನುಷ್ಯ ಮುಟ್ಟುವ ಮೊದಲೇ, ಸೋರಿಕೆ ಶುರುವಾದ ಗಳಿಗೆಯಲ್ಲೇ ಬೀಳುತ್ತದೆ. ಒಂದು ಮಾತು ನೆನಪಿರಲಿ. ಒಂದು ಕೈ ಫೇಸಿಗೆ, ಇನ್ನೊಂದು ಕೈ ಕರೆಂಟು ವಾಪಸ್ ಹೋಗುವ ನ್ಯೂಟ್ರಲ್‌ಗೆ ತಗುಲಿದರೆ ಆರ್‌ಸಿಸಿಬಿಗೂ ಗೊತ್ತಾಗಲ್ಲ. ಅದನ್ನು ನಂಬಿ ಬಿಚ್ಚಿದ ವೈರು ಮುಟ್ಟಬಾರದು.

ಇಡೀ ಮನೆಗೆ ಆರ್‌ಸಿಸಿಬಿ ಹಾಕೋಣ ಅಂದರೆ ಹಳೇ ವೈರಿಂಗ್. ಒಂದು ಲೈನಿನ ನ್ಯೂಟ್ರಲ್ ಇನ್ನೊಂದಕ್ಕೆ ಸೇರಿರುತ್ತದೆ, ಹಾಕಿದ ಕೂಡಲೇ ಬೀಳುತ್ತಲೇ ಇರುತ್ತದೆ. ಹೀಗೆ ಬಿದ್ದು ಬಿದ್ದು ಬೇಸತ್ತು ಅದನ್ನೇ ತೆಗೆದುಹಾಕಿಸಿದ ಮನೆಗಳನ್ನು ನೋಡಿದ್ದೇನೆ. ಅದಕ್ಕೆ ಮೀಟರ್ ಬೋರ್ಡಿನಿಂದ ಮಷಿನ್‌ಗೆ ಅಂತಲೇ ಬೇರೆ ಲೈನ್ ಎಳೆದೆವು. 2.5 ಚದರ ಮಿಲಿಮೀಟರ್‌ನ ಮೂರೆಳೆ ತಾಮ್ರದ ಕೇಬಲ್, 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಲೋಡು ಜಾಸ್ತಿಯಾದರೆ ಬೀಳುವ ಒಂದು ಎಂಸಿಬಿ, 16 ಆಂಪಿಯರ್ ಸಾಕೆಟ್. ಎಲ್ಲ ಒಂದು ಡಬ್ಬಿಯಲ್ಲಿ. ಕೆಲಸ ಮುಗಿದ ಮೇಲೆ ಬಿಚ್ಚಿಕೊಂಡು ಮುಂದಿನ ಸೈಟಿಗೆ ಒಯ್ಯಬಹುದು. ಈಗ ನನ್ನ ಟೂಲ್ಸ್ ಜೊತೆ ಆ ಡಬ್ಬಿ ಹೋಗದೆ ಮಷಿನ್ ಹೋಗಲ್ಲ.

ಡಬ್ಬಿಯನ್ನು ಕಿಟಕಿ ಸರಳಿಗೆ ಎದೆಮಟ್ಟದಲ್ಲಿ ಕಟ್ಟಿದೆವು. ವೈರು ಮಷಿನ್‌ನಿಂದ ಸೀದಾ ಸಾಕೆಟ್‌ಗೆ ಹೋಗಬಾರದು. ಮಧ್ಯೆ ಜೋಲಿಯ ಹಾಗೆ ಕೆಳಗೆ ತೂಗುಬಿಡಬೇಕು. ವೈರಿನ ಗುಂಟ ಹರಿದು ಬಂದ ನೀರು ಆ ಜೋಲಿಯ ತಳದಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಏರಲ್ಲ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಮಷಿನ್‌ಗೆ ಹೊಸ ರಬ್ಬರ್ ಪರದೆ, ರಬ್ಬರ್ ಟೊಪ್ಪಿ ಇರುವ ಹೊಸ ಸ್ವಿಚ್ಚು ಹಾಕಿಸಿದೆ. ಒಂದು ದಿನ ಪೂರ್ತಿ ಬಿಸಿಲಲ್ಲಿ ಒಣಗಿಸಿ, ಒಳಗೆ ಕರೆಂಟು ಸೋರುತ್ತಿಲ್ಲವಾ ಅಂತ ಅಳೆಯುವ ಮೆಗ್ಗರ್‌ನಲ್ಲಿ ನೋಡಿ, ಒಂದು ಮೆಗಾ ಓಮ್‌ಗಿಂತ ಎಷ್ಟೋ ಮೇಲಿದೆ ಅಂತ ಖಾತ್ರಿಯಾದ ಮೇಲೇ ಮತ್ತೆ ಚಾಲೂ ಮಾಡಿದ್ದು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತುವ ಕೆಲಸ ಹುಡುಗನಿಗೆ ಕೊಟ್ಟೆ. ದಿನಾ ಬೆಳಗ್ಗೆ ಅವನು ಒತ್ತುತ್ತಿದ್ದ, ಟಕ್ ಅಂತ ಬೀಳುತ್ತಿತ್ತು, ಆಮೇಲೇ ನೀರು ತುಂಬುತ್ತಿದ್ದ.

ಧೂಳಿನ ಲೆಕ್ಕ

ಕರೆಂಟಿನ ಭಯ ಹೋಯಿತು. ಧೂಳಿನ ಭಯ ಮಾತ್ರ ಇನ್ನೂ ಯಾರಿಗೂ ಬಂದಿರಲಿಲ್ಲ. ಅದು ಕಣ್ಣಿಗೆ ಕಾಣುವ ಹಾಗೆ ಹೆದರಿಸಲ್ಲ. ಮೇಸ್ತ್ರಿಯ ಜೊತೆ ಕೂತು ಒಂದು ಟೈಲ್ಸ್ ಕೈಯಲ್ಲಿ ಹಿಡಿದು ಲೆಕ್ಕ ಮಾಡಿದೆವು.

600 ಮಿಲಿಮೀಟರ್ ಉದ್ದದ ಒಂದು ಕೊಯ್ತ. ಬ್ಲೇಡಿನ ದಪ್ಪ 2 ಮಿಲಿಮೀಟರ್, ಟೈಲ್ಸ್ ದಪ್ಪ 9. ಗುಣಿಸಿದರೆ ಸುಮಾರು 11 ಘನ ಸೆಂಟಿಮೀಟರ್. ತೂಕಕ್ಕೆ ಹಾಕಿದರೆ ಹತ್ತಿರ ಹತ್ತಿರ 20 ಗ್ರಾಂ. ಅಂದರೆ ಒಂದು ಗೀಟು ಕೊಯ್ದರೆ ನಾಲ್ಕು ಚಮಚ ಪುಡಿ. ಬೆಳಗಿಂದ ಆ ಹುಡುಗ ನಲವತ್ತರ ಮೇಲೆ ಕೊಯ್ದಿದ್ದ.

ಟೈಲ್ಸ್ ಅಂದರೆ ಜೇಡಿಮಣ್ಣು, ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿ ಸೇರಿಸಿ ಒತ್ತಿ ಸುಟ್ಟದ್ದು. ಸುಟ್ಟ ಮೇಲೂ ಬೆಣಚು ಉಳಿದಿರುತ್ತದೆ. ಅದೇ ಸಿಲಿಕಾ. ಅಮೆರಿಕದಲ್ಲಿ 2016ರಲ್ಲಿ ಮಾಡಿದ ನಿಯಮದ ಪ್ರಕಾರ 8 ಗಂಟೆ ಕೆಲಸ ಮಾಡುವವರು ಉಸಿರಾಡುವ ಗಾಳಿಯಲ್ಲಿ ಒಂದು ಘನ ಮೀಟರ್‌ಗೆ ಸರಾಸರಿ 50 ಮೈಕ್ರೋಗ್ರಾಂಗಿಂತ ಹೆಚ್ಚು ಸಿಲಿಕಾ ಇರಬಾರದು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಗೆ ಅದು 1.4 ಮಿಲಿಗ್ರಾಂ. ಪುಡಿ ಉಪ್ಪಿನ ಇಪ್ಪತ್ತು ಇಪ್ಪತ್ತೈದು ಕಾಳು ಅಷ್ಟು ತೂಗುತ್ತವೆ. ನಾಲ್ಕು ಚಮಚದಲ್ಲಿ ಎಲ್ಲವೂ ಸಿಲಿಕಾ ಅಲ್ಲ, ಎಲ್ಲವೂ ಶ್ವಾಸಕೋಶಕ್ಕೆ ಇಳಿಯುವಷ್ಟು ಸಣ್ಣದೂ ಅಲ್ಲ. ಆದರೂ ಎಲ್ಲಿಂದೆಲ್ಲಿಗೆ ನೋಡಿ.

ಕರಿಬೇವಿನ ಎಲೆಯ ಮೇಲೆ ಕೂತ ಧೂಳು ದಪ್ಪದ್ದು, ಬೇಗ ಬೀಳುತ್ತದೆ. ಶ್ವಾಸಕೋಶದ ತಳ ಮುಟ್ಟುವುದು 10 ಮೈಕ್ರಾನ್‌ಗಿಂತ ಸಣ್ಣದು. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಅಷ್ಟು ಸಣ್ಣದು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಟವೆಲ್ಲಿನ ನೂಲಿನ ಸಂದಿಯಲ್ಲಿ ಸಲೀಸಾಗಿ ನುಗ್ಗುತ್ತದೆ. ಒಳಗೆ ಹೋದದ್ದು ಹೊರಗೆ ಬರಲ್ಲ. ಶ್ವಾಸಕೋಶ ಅಲ್ಲಲ್ಲೇ ಗಂಟುಕಟ್ಟಿ ಗಟ್ಟಿಯಾಗುತ್ತಾ ಹೋಗುತ್ತದೆ. ಅದು ಸಿಲಿಕೋಸಿಸ್. ವಾಸಿ ಮಾಡುವ ಔಷಧಿ ಇಲ್ಲ. ಅದು ಬಂದವರಿಗೆ ಟಿಬಿ ಅಂಟುವುದೂ ಜಾಸ್ತಿ. ಸಿಲಿಕಾ ಧೂಳಿನಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ. ನಮ್ಮ ಕಾನೂನಿನಲ್ಲೂ ಕಾರ್ಖಾನೆಗಳಲ್ಲಿ ಇದು ವರದಿ ಮಾಡಲೇಬೇಕಾದ ಕಾಯಿಲೆ. ಆದರೆ ಮನೆಯ ಪೋರ್ಟಿಕೋ ಕಾರ್ಖಾನೆ ಅಲ್ಲವಲ್ಲ. ಇಲ್ಲಿ ನೋಡಿಕೊಳ್ಳಬೇಕಾದವರು ಕೆಲಸ ಮಾಡಿಸುವ ನನ್ನಂಥವರೇ.

ಬೆಂಗಳೂರಲ್ಲಿ ಈಗ ಅಡುಗೆಮನೆ ಕಟ್ಟೆಗೆ ಕ್ವಾರ್ಟ್ಜ್ ಸ್ಲ್ಯಾಬ್ ಹಾಕಿಸುವವರು ಜಾಸ್ತಿ. ಅದರಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಸಿಲಿಕಾ ಇರುವುದುಂಟು. ಆಸ್ಟ್ರೇಲಿಯಾದಲ್ಲಿ 2024ರ ಜುಲೈ 1ರಿಂದ ಅಂಥ ಸ್ಲ್ಯಾಬನ್ನೇ ನಿಷೇಧ ಮಾಡಿದರು. ಅದನ್ನು ಮನೆಯ ಬಾಲ್ಕನಿಯಲ್ಲಿ ಒಣಗಟ್ಟೆ ಕೊಯ್ಯುವುದನ್ನು ಕಂಡರೆ ದಯವಿಟ್ಟು ನಿಲ್ಲಿಸಿ.

ಲೆಕ್ಕ ಮುಗಿದ ಮೇಲೆ ಮೇಸ್ತ್ರಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಮುಂಜಾನಿ ಎದ್ದ ಕೂಡ್ಲೇ ಕೆಮ್ಮು ಬರ್ತದ್ರಿ, ಎರಡು ವರ್ಷ ಆತು" ಅಂದರು. ಮರುದಿನ ಕೆಲಸ ನಿಲ್ಲಿಸಿ ಎದೆಯ ಎಕ್ಸ್‌ರೇ ತೆಗೆಸಿದೆವು. ಡಾಕ್ಟರಿಗೆ ಕೆಮ್ಮು ಅಂತ ಮಾತ್ರ ಹೇಳಿದರೆ ಸಾಲದು. ಏನು ಕೆಲಸ, ಎಷ್ಟು ವರ್ಷದಿಂದ, ಏನನ್ನು ಕೊಯ್ಯುತ್ತೇನೆ ಅಂತ ಹೇಳಬೇಕು. ಇಲ್ಲದಿದ್ದರೆ ಅವರು ಟಿಬಿಯನ್ನು ಮಾತ್ರ ಹುಡುಕಿ ಕಳಿಸಿಬಿಡಬಹುದು. ಮೇಸ್ತ್ರಿಯ ಎಕ್ಸ್‌ರೇಯಲ್ಲಿ ಸದ್ಯ ಏನೂ ಕಾಣಲಿಲ್ಲ. ವರ್ಷಕ್ಕೊಮ್ಮೆ ತೆಗೆಸಿ ಅಂತ ಹೇಳಿದರು.

ಇಪ್ಪತ್ತು ಲೀಟರ್ ನೀರು

2024ರ ಮಾರ್ಚ್‌ನಲ್ಲಿ ಜಲಮಂಡಳಿ ಒಂದು ಆದೇಶ ಹೊರಡಿಸಿತ್ತು. ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ, ಕಾರು ತೊಳೆಯೋದಕ್ಕೆ, ಗಿಡಕ್ಕೆ ಬಳಸಿದರೆ 5,000 ರೂಪಾಯಿ ದಂಡ. ಅಮ್ಮ ಹೆದರಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಟ್ರೇಯಲ್ಲಿ ಹಿಡಿಯುವುದು 20 ಲೀಟರ್, ಅದೇ ನೀರು ಸುತ್ತುತ್ತಿರುತ್ತದೆ. ಎರಡು ಮೂರು ಸಲ ಕಮೋಡ್ ಫ್ಲಶ್ ಮಾಡಿದಷ್ಟು. ಬೋರ್‌ವೆಲ್ ಟ್ಯಾಂಕರ್ ನೀರಿನಲ್ಲೇ ಮಾಡೋಣ ಅಂತ ಅವರನ್ನು ಒಪ್ಪಿಸಿದೆ. ಅಪಾರ್ಟ್‌ಮೆಂಟುಗಳಲ್ಲಿ ಎಸ್‌ಟಿಪಿ ನೀರು, ಅಂದರೆ ಶುದ್ಧ ಮಾಡಿದ ಕೊಳಚೆ ನೀರು, ಬಳಸಿ ಅನ್ನುತ್ತಾರೆ. ಗಾರೆ ಕಲಸಲು ಸರಿ, ಈ ಮಷಿನ್‌ಗೆ ಬೇಡ. ಬ್ಲೇಡಿನಿಂದ ಏಳುವ ತುಂತುರು ಸೀದಾ ಮುಖಕ್ಕೆ, ಮೂಗಿಗೆ ಬರುತ್ತದೆ.

ಬ್ಲೇಡಿನ ಅಂಚು ಸದಾ ನೀರಲ್ಲಿ ಮುಳುಗಿರಬೇಕು. ನೀರು ಇಳಿದರೆ ಗೊತ್ತಾಗುತ್ತದೆ: ಸದ್ದು ಕೀರಲಾಗುತ್ತದೆ, ಕೊಯ್ತದ ಬಾಯಲ್ಲಿ ಹೊಗೆಯ ಹಾಗೆ ಪುಡಿ ಏಳುತ್ತದೆ. ನೀರು ಗಂಜಿಯ ಹಾಗೆ ದಪ್ಪಗಾದರೂ ಬದಲಾಯಿಸಬೇಕು. ನಾವು ದಿನಕ್ಕೆ ಮೂರು ಸಲ ಬದಲಾಯಿಸಿದೆವು. ತೆಗೆದ ಕೆಸರು ನೀರನ್ನು ಹುಡುಗ ಮೊದಲ ದಿನ ಬಾತ್‌ರೂಮಿನ ನೀರು ಹೋಗುವ ನಹಾನಿ ಟ್ರ್ಯಾಪಿಗೆ ಸುರಿಯಲು ಹೊರಟಿದ್ದ. ತಡೆದೆ. ಪೈಪಿನ ತಿರುವಿನಲ್ಲಿ ಅದು ಕಲ್ಲಿನ ಹಾಗೆ ಕೂತುಬಿಡುತ್ತದೆ. ಹಳೇ ಪೇಂಟ್ ಬಕೆಟ್‌ಗಳಲ್ಲಿ ತುಂಬಿ ರಾತ್ರಿ ಬಿಟ್ಟರೆ ಬೆಳಗ್ಗೆ ಮೇಲೆ ತಿಳಿ ನೀರು, ಕೆಳಗೆ ಬೂದು ಮಣ್ಣು. ಮಣ್ಣು ಹಸಿಯಾಗಿದ್ದಾಗಲೇ ಚೀಲಕ್ಕೆ ತುಂಬಿ ಕಟ್ಟಿ ಒಡೆದ ಕಟ್ಟಡದ ಕಸದ (ಡೆಬ್ರಿ) ಜೊತೆ ಕಳಿಸಿದೆವು. ಒಣಗಲು ಬಿಟ್ಟರೆ ಮತ್ತೆ ಅದೇ ಧೂಳು. ನೆಲಕ್ಕೂ ಅಷ್ಟೇ, ಪೊರಕೆ ಹಾಕದೆ ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಅಮ್ಮನ ಕರಿಬೇವಿನ ಗಿಡವನ್ನು ಹುಡುಗನೇ ಒಂದು ಮಗ್ ನೀರಿನಲ್ಲಿ ಒಂದೊಂದೇ ಕಡ್ಡಿ ತೊಳೆದ.

ಕೈ ಕಟ್ಟರ್‌ಗೆ ಬಾಟ್ಲಿಯಲ್ಲಿ ನೀರು ಸುರಿಯುತ್ತಾ ಕೊಯ್ಯುವುದನ್ನು ಎಷ್ಟೋ ಸೈಟಲ್ಲಿ ನೋಡಿರುತ್ತೀರಿ. ಧೂಳು ಕಡಿಮೆಯಾಗುತ್ತದೆ ನಿಜ. ಆದರೆ ನೀರಿಗೆ ಅಂತ ಮಾಡಿರದ ಮಷಿನ್ ಅದು. ಗಾಳಿ ಕಿಂಡಿಯಿಂದ ನೀರು ಒಳಗೆ ಹೋದರೆ ಕರೆಂಟು ಇರುವುದು ಕೊಯ್ಯುವವನ ಎರಡೂ ಕೈಯಲ್ಲಿ.

ಬ್ಲೇಡು ಮತ್ತು ಕೈ

ಮೂರನೇ ದಿನ ಕೊಯ್ತ ಮತ್ತೆ ಶುರು. ಮೇಸ್ತ್ರಿಗೆ ಅಡಿಗೆ 4 ರೂಪಾಯಿ ಜಾಸ್ತಿ ಅಂತ ಮಾತಾಯಿತು. ಇದಾದ ಮೇಲೆ ಆತುರ ತಾನಾಗೇ ಹೋಯಿತು.

ಮೊದಲ ಎರಡು ಟೈಲ್ಸ್ ಅಂಚೆಲ್ಲ ಚಿಪ್ಪು ಚಿಪ್ಪು ಎದ್ದವು. ನೋಡಿದರೆ ಹಾಕಿದ್ದ ಬ್ಲೇಡು ಕಾಂಕ್ರೀಟಿನದು, ಅಂಚಿನಲ್ಲಿ ಸೀಳು ಇರುವಂಥದ್ದು. ಟೈಲ್ಸಿಗೆ ಸುತ್ತಲೂ ಒಂದೇ ಸಮ ಅಂಚಿರುವ ಡೈಮಂಡ್ ಬ್ಲೇಡು ಬೇಕು. ಎಸ್‌ಪಿ ರೋಡಿಗೆ ಹೋಗಿ 180 ಮಿಲಿಮೀಟರಿನದು ತಂದೆ. ತೂತಿನ ಅಳತೆ, ಮೇಲೆ ಬರೆದಿರುವ ಗರಿಷ್ಠ ಸುತ್ತು, ತಿರುಗುವ ದಿಕ್ಕಿನ ಬಾಣ, ಮೂರನ್ನೂ ನೋಡಿ ಹಾಕಬೇಕು. ಬ್ಲೇಡು ಬದಲಾಯಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಈ ಬ್ಲೇಡಿಗೆ ಹಲ್ಲಿಲ್ಲ. ಅಂಚಿನಲ್ಲಿರುವ ವಜ್ರದ ಹರಳು ಟೈಲ್ಸನ್ನು ತೇಯುತ್ತದೆ. ತೇದು ತೇದು ಅಂಚು ನುಣುಪಾದರೆ ಕೊಯ್ಯಲ್ಲ, ಬಿಸಿಯಾಗುತ್ತದೆ. ಆಗ ಒಂದು ಸಿಮೆಂಟ್ ಬ್ಲಾಕ್ ತುಂಡಿನಲ್ಲಿ ನಾಲ್ಕೈದು ಗೀಟು ಕೊಯ್ದರೆ ಹೊಸ ಹರಳು ಮೇಲೆ ಬರುತ್ತದೆ.

ಕೈ ಕಟ್ಟರ್‌ನ ನಾಲ್ಕಿಂಚಿನ ಬ್ಲೇಡು ನಿಮಿಷಕ್ಕೆ 12,000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 64 ಮೀಟರ್ ಓಡುತ್ತದೆ. ಟೇಬಲ್ ಕಟ್ಟರ್ ತಿರುಗುವುದು 2,900ರ ಹತ್ತಿರ, ಅಂಚಿನ ವೇಗ 27 ಮೀಟರ್. ಅದಕ್ಕೇ ಇದಕ್ಕೆ ತಾಳ್ಮೆ ಬೇಕು. ಟೈಲ್ಸಿನ ಹೊಳಪಿನ ಮುಖ ಮೇಲಕ್ಕಿರಲಿ. ಎರಡೂ ಕೈಯಲ್ಲಿ ಮೆತ್ತಗೆ ಒಪ್ಪಿಸುತ್ತಾ ಹೋಗಬೇಕು, ಒತ್ತಬಾರದು. ಮೋಟರ್ ಸದ್ದು ಇಳಿಯಿತು ಅಂದರೆ ಜಾಸ್ತಿ ಒತ್ತುತ್ತಿದ್ದೀರಿ ಅಂತ. ಬೆರಳು ಬ್ಲೇಡಿನ ಸಾಲಿಗೆ ಬರಬಾರದು. ಮೂಲೆ ಮುರಿಯುವುದು ಕೊನೆಯ ಒಂದು ಇಂಚಿನಲ್ಲಿ. ಮೇಸ್ತ್ರಿಯ ಉಪಾಯ ಚೆನ್ನಾಗಿತ್ತು: ಮೊದಲು ಆ ತುದಿಯಿಂದ ಒಂದು ಇಂಚು ಕೊಯ್ದು, ತಿರುಗಿಸಿ ಈ ತುದಿಯಿಂದ ಬಂದು ಸೇರಿಸುವುದು.

ಹುಡುಗನ ಕೈಗೆ ನೂಲಿನ ಗ್ಲೌಸು ಹಾಕಿಸಿದ್ದರು. ತೆಗೆಸಿದೆ. ತಿರುಗುವ ಬ್ಲೇಡಿಗೆ ನೂಲು ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಕೊರಳ ಟವೆಲ್ಲು, ಜೋಲುವ ತೋಳು, ಮಣಿಕಟ್ಟಿನ ದಾರ ಎಲ್ಲಕ್ಕೂ ಇದೇ ಮಾತು. ದೇವರ ದಾರ ಬಿಚ್ಚಲು ಹುಡುಗನಿಗೆ ಮನಸ್ಸಿರಲಿಲ್ಲ. ಅದರ ಮೇಲೆ ಬಿಗಿಯಾಗಿ ಟೇಪು ಸುತ್ತಿದೆವು. ಕಣ್ಣಿಗೆ ಕನ್ನಡಕ, ಕಿವಿಗೆ ಪ್ಲಗ್, ಕಾಲಿಗೆ ಗಮ್ ಬೂಟು. ನೀರಿದ್ದರೂ ತುಂತುರು ಇರುತ್ತದೆ, ಅದಕ್ಕೆ ಎನ್95 ಮಾಸ್ಕು.

ತುಂಬ ಸಣ್ಣ ಪಟ್ಟಿ ಕೊಯ್ಯುವಾಗಲೇ ಬೆರಳು ಹೋಗುವ ಅಪಾಯ. ಅದನ್ನು ತಪ್ಪಿಸುವುದು ಮಷಿನ್ ಹತ್ತಿರ ಅಲ್ಲ, ಗೀಟು ಹಾಕುವಾಗಲೇ. ಈ ಮನೆಯ ಚಿಕ್ಕ ಬಾತ್‌ರೂಮಿನ ಅಗಲ 1,540 ಮಿಲಿಮೀಟರ್. 300ರ ಟೈಲ್ಸು ಐದು ಪೂರ್ತಿ, ಉಳಿಯುವುದು 40 ಮಿಲಿಮೀಟರ್ ಪಟ್ಟಿ. ಒಂದೂವರೆ ಇಂಚು! ಅದರ ಬದಲು ಮಧ್ಯದಿಂದ ಶುರು ಮಾಡಿ ನಾಲ್ಕು ಪೂರ್ತಿ ಹಾಕಿದರೆ ಎರಡೂ ಕಡೆ 170 ಬರುತ್ತದೆ. ಹಿಡಿಯಲು ಸಲೀಸು, ನೋಡಲೂ ಚೆಂದ. ಟೈಲ್ಸು ಆರು ಜಾಸ್ತಿ ಬೇಕಾಯಿತು. ಉಳಿದ ತುಂಡು ಹೊಸ್ತಿಲಿಗೆ ಆದವು. ಮೇಷ್ಟ್ರು ಒಂದು ಮಾತೂ ಆಡದೆ ಒಪ್ಪಿದರು. ಪಟ್ಟಿ ಕೊಯ್ಯಲೇಬೇಕಾದ ಕಡೆ ಒಂದು ಮರದ ರೀಪರ್ ತುಂಡಿನಿಂದ ತಳ್ಳಿದೆವು.

ಇನ್ನೊಂದು ಮಾತು. ನೇರ ಕೊಯ್ತಕ್ಕೆಲ್ಲ ಮಷಿನ್ ಬೇಕಾಗಿಯೇ ಇಲ್ಲ. ಹಳಿಯ ಮೇಲೆ ಚಕ್ರ ಓಡಿಸಿ ಗೀರಿ ಮುರಿಯುವ ಹ್ಯಾಂಡ್ ಕಟ್ಟರ್ ಇದೆಯಲ್ಲ, ಗೋಡೆ ಸೆರಾಮಿಕ್‌ಗೆ ಅದು ಸಾಕು. ಕರೆಂಟಿಲ್ಲ, ನೀರಿಲ್ಲ, ಧೂಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅರ್ಧಕ್ಕೂ ಹೆಚ್ಚು ಕೊಯ್ತ ಅದರಲ್ಲೇ ಮುಗಿಯಿತು. ಟೇಬಲ್ ಕಟ್ಟರ್ ಉಳಿದದ್ದು ನಲ್ಲಿಯ ಸುತ್ತ, ಬಾಗಿಲ ಚೌಕಟ್ಟಿನ ಹತ್ತಿರ, ಟ್ರ್ಯಾಪಿನ ಬಳಿ ಬರುವ ಎಲ್ ಕಟ್ಟುಗಳಿಗೆ.

ಪೋರ್ಟಿಕೋ ಮೂಲೆ

ಮುಚ್ಚಿದ ಗುಂಡಿಯನ್ನು ಚಾಣ, ಸುತ್ತಿಗೆ ಹಿಡಿದು ನಾನೇ ತೆಗೆದೆ. ಎರಡು ಟೈಲ್ಸ್ ಒಡೆಯಬೇಕಾಯಿತು. ಕೆಳಗೆ ಆ ಸಿಮೆಂಟಿನ ಮುಚ್ಚಳ, ಅದರ ಕೆಳಗೆ ಪೈಪು. ಇದ್ದಿಲು ಬೂದಿಯ ಹಾಗೆ ಒಣಗಿತ್ತು. ಮೊದಲ ಬಕೆಟ್ ನೀರು ಸುರಿದಾಗ ಬುಸ್ ಅಂತ ಹೀರಿಕೊಂಡಿತು. ಎರಡು ದಿನ ನೀರು ಹಾಕಿದ ಮೇಲೆ ಅಳತೆ 12 ಓಮ್‌ಗೆ ಇಳಿಯಿತು. ಪೈಪು ಹಳೆಯದು, ಮಳೆಗಾಲಕ್ಕೆ ಮೊದಲು ಹೊಸ ಗುಂಡಿ ಮಾಡಿಸೋಣ ಎಂದ ಎಲೆಕ್ಟ್ರಿಷಿಯನ್. ಆ ಖರ್ಚು ನನ್ನದು ಅಂತ ಮೇಷ್ಟ್ರಿಗೆ ಹೇಳಿದೆ.

2018ರಲ್ಲಿ ಮಿಕ್ಕಿದ್ದ ನಾಲ್ಕು ಟೈಲ್ಸನ್ನು ಅಮ್ಮ ಮೆಟ್ಟಿಲ ಕೆಳಗೆ ಎತ್ತಿಟ್ಟಿದ್ದರು. ಗುಂಡಿ ಬರುವುದು ಎರಡು ಟೈಲ್ಸಿನ ಸಂದಿಯಲ್ಲಿ. ಎರಡರಲ್ಲೂ ಅರ್ಧ ಅರ್ಧ ಚೌಕ ತೆಗೆಯಬೇಕು. ಈ ಕೆಲಸವನ್ನು ಮೇಸ್ತ್ರಿ ಹುಡುಗನಿಗೆ ಕೊಟ್ಟರು. ಅವನು ಟೆಸ್ಟ್ ಬಟನ್ ಒತ್ತಿದ, ಟಕ್ ಅಂತು. ಮತ್ತೆ ಏರಿಸಿದ. ಎರಡು ಪಕ್ಕ ಕೊಯ್ದ. ಮಧ್ಯದ ಜಾಗದಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಅರ್ಧ ಅರ್ಧ ಇಂಚಿಗೆ ಒಂದೊಂದು ಗೀಟು. ಮಷಿನ್ ನಿಲ್ಲಿಸಿ, ಬ್ಲೇಡು ಪೂರ್ತಿ ನಿಲ್ಲುವವರೆಗೆ ಕಾದು, ಕಟಿಂಗ್ ಪ್ಲೇಯರ್‌ನಲ್ಲಿ ಹಲ್ಲುಗಳನ್ನು ಒಂದೊಂದಾಗಿ ಮುರಿದ. ಒಂದು ಚಿಪ್ಪೂ ಏಳಲಿಲ್ಲ. ಮೇಸ್ತ್ರಿ ಮೂಲೆಮಟ್ಟ ಇಟ್ಟು ನೋಡಿ ತಲೆಯಾಡಿಸಿದರು.

ಕೆಲಸ ಮುಗಿಯುವವರೆಗೂ ಬೆಳಗ್ಗೆ ಬೆಳಗ್ಗೆ ಪೇಂಟ್ ಬಕೆಟ್ಟಿನ ತಿಳಿ ನೀರು ಆ ಮುಚ್ಚಳ ಎತ್ತಿ ಗುಂಡಿಗೆ ಹೋಗುತ್ತಿತ್ತು. ಈಗ ಅಮ್ಮ ಅಕ್ಕಿ ತೊಳೆದ ನೀರನ್ನು ಕರಿಬೇವಿಗೆ ಅರ್ಧ, ಅದಕ್ಕೆ ಅರ್ಧ ಹಾಕುತ್ತಾರೆ.